ಹನ್ನೊಂದೋ, ಇನ್ನೂರ ಏಳೋ

ಊರಿನ ಮಾತನ್ನು ನಂಬುವುದಾದರೆ, ಅವನು ಹುಟ್ಟಿದ ಗಳಿಗೆಯಲ್ಲಿ ಸೂಲಗಿತ್ತಿ "ಗಂಡು" ಎಂದು ಸಾರಿದಾಗ ಮಗು ಅಳುವುದನ್ನು ಥಟ್ಟನೆ ನಿಲ್ಲಿಸಿತಂತೆ. ಹುಬ್ಬು ಗಂಟಿಕ್ಕಿ ಅವಳನ್ನು ಮೇಲಿಂದ ಕೆಳಗೆ ನೋಡಿತಂತೆ. ಮೂವತ್ತು ವರ್ಷದ ಅನುಭವವಿದ್ದ ಆ ಹೆಂಗಸು ಗಾಬರಿಯಾಗಿ, ಬಟ್ಟೆ ಸರಿಸಿ ಇನ್ನೊಮ್ಮೆ ನೋಡಿ, ಖಾತ್ರಿ ಮಾಡಿಕೊಂಡ ಮೇಲೆಯೇ ಅಳು ಮುಂದುವರಿಯಿತಂತೆ. ಲೋಕದ ಮಕ್ಕಳೆಲ್ಲ ಮೊದಲು "ಅಮ್ಮ" ಎನ್ನುತ್ತವೆ. ಈ ಮಗು, ತಾಯಿ ಎತ್ತಿಕೊಂಡು "ನಾನು ಯಾರು ಹೇಳು, ನಿನ್ನ ಅಮ್ಮ" ಎಂದು ಮುದ್ದಿಸಿದಾಗ "ಹೇಗೆ ಗೊತ್ತು?" ಎಂದಿತಂತೆ. ಈ ಕಥೆಗಳಿಗೆ ಆಧಾರವೇನು ಎಂದು ಕೇಳುವಂಥ ಒಬ್ಬನೇ ಒಬ್ಬ ಮನುಷ್ಯ ಊರಿನಲ್ಲಿದ್ದ. ಅವನೇ ಕಥಾನಾಯಕನಾದ್ದರಿಂದ ಯಾರೂ ಅವನೆದುರು ಇದನ್ನು ಹೇಳುತ್ತಿರಲಿಲ್ಲ.

ಆಧಾರವಿರುವ ಕಥೆಗಳೂ ಇವೆ. ಒಮ್ಮೆ ಮೈ ಬೆಚ್ಚಗಾಗಿ ಡಾಕ್ಟರ ಹತ್ತಿರ ಹೋದ. ಅವರು ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ಜ್ವರ ಇದೆ ಎಂದರು. ಥರ್ಮಾಮೀಟರ್ ಸರಿಯಾಗಿದೆ ಎಂದು ಹೇಗೆ ಗೊತ್ತು ಎಂದು ಇವನು ಕೇಳಿದ. ಡಾಕ್ಟರು ಒಳ್ಳೆಯ ಮನುಷ್ಯ. ಹೋಲಿಕೆಗೆಂದು ಕಾಂಪೌಂಡರಿಗೆ ಇಟ್ಟು ನೋಡಿದರು, ಹೊರಗೆ ಬೆಂಚಿನ ಮೇಲೆ ಕೂತಿದ್ದ ಇಬ್ಬರಿಗೆ ಇಟ್ಟು ನೋಡಿದರು, ಕೊನೆಗೆ ತಮಗೇ ಇಟ್ಟುಕೊಂಡರು. ಎಲ್ಲರಿಗಿಂತ ಹೆಚ್ಚು ಜ್ವರ ಇದ್ದದ್ದು ಅವರಿಗೇ. ಅಂದು ಕ್ಲಿನಿಕ್ ಮುಚ್ಚಿ ಮನೆಗೆ ಹೋಗಿ ಮಲಗಿಬಿಟ್ಟರು.

ಮದುವೆಯ ಕಥೆ ಇದಕ್ಕಿಂತ ಚಿಕ್ಕದು. ಮೂವತ್ತನೇ ವಯಸ್ಸಿನಲ್ಲಿ ಒಂದು ಸಂಬಂಧ ಕುದುರಿತ್ತು. ಹುಡುಗಿಯ ಚಿಕ್ಕಪ್ಪ ಬಂದು ಹುಡುಗಿಗೆ ನೀವು ತುಂಬ ಹಿಡಿಸಿದ್ದೀರಿ ಎಂದರು. ಇವನು ಕೇಳಬಾರದ್ದನ್ನು ಕೇಳಿದ. ಚಿಕ್ಕಪ್ಪ ತಬ್ಬಿಬ್ಬಾಗಿ, ಇರಿ ವಿಚಾರಿಸಿಕೊಂಡು ಬರುತ್ತೇನೆ ಎಂದು ಎದ್ದು ಹೋದರು. ವಿಚಾರಿಸಿದ ಮೇಲೆ ಅವರು ವಾಪಸು ಬರಲೇ ಇಲ್ಲ.

ಹೀಗೆ ಊರು ಅವನ ನಿಜವಾದ ಹೆಸರನ್ನು ಮರೆತು 'ಹೇಗ್ಗೊತ್ತು' ಎಂದು ಕರೆಯತೊಡಗಿತು. ಕಚೇರಿಯ ಹಾಜರಿ ಪುಸ್ತಕದಲ್ಲೂ ಯಾರೋ ಪೆನ್ಸಿಲಿನಲ್ಲಿ ಹಾಗೆಯೇ ಬರೆದಿದ್ದರು. ಅವನು ಬೇಸರವಿಲ್ಲದೆ ಅದರ ಎದುರು ಸಹಿ ಹಾಕುತ್ತಿದ್ದ.

ಕಚೇರಿ ಎಂದರೆ ನಗರಸಭೆಯ ರಸ್ತೆ ವಿಭಾಗ. ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ವಾಹನ ಎಣಿಸುವುದು. ಎಲ್ಲಿ ಸಿಗ್ನಲ್ ಬೇಕು, ಎಲ್ಲಿ ರಸ್ತೆ ಅಗಲ ಮಾಡಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ಇವನು ಹಳದಿ ಮೇಲಂಗಿ ತೊಟ್ಟು, ಟೋಪಿ ಹಾಕಿ, ಮಡಿಸುವ ಸ್ಟೂಲನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಹೊರಡುತ್ತಿದ್ದ. ರಸ್ತೆಗೆ ಅಡ್ಡಲಾಗಿ ಸುಣ್ಣದಲ್ಲಿ ಎರಡು ಗೆರೆ ಎಳೆಯುತ್ತಿದ್ದ. ಎರಡರ ನಡುವೆ ಇಪ್ಪತ್ತೈದು ಮೀಟರ್. ಗಾಡಿ ಮೊದಲ ಗೆರೆ ಮುಟ್ಟಿದಾಗ ಸ್ಟಾಪ್‌ವಾಚ್ ಒತ್ತುವುದು, ಎರಡನೆಯದನ್ನು ದಾಟಿದಾಗ ಇನ್ನೊಮ್ಮೆ ಒತ್ತುವುದು. ಎರಡು ಸೆಕೆಂಡಿನೊಳಗೆ ದಾಟಿದರೆ ಅದು ವೇಗದ ಗಾಡಿ, ಅದಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ಯಾರ ಮಾತನ್ನೂ ನಂಬದ ಮನುಷ್ಯನಿಗೆ ಇದಕ್ಕಿಂತ ಹೇಳಿ ಮಾಡಿಸಿದ ಉದ್ಯೋಗ ಇರಲಿಲ್ಲ. ಇಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ. ಗಾಡಿ ಬರುತ್ತಿತ್ತು, ಹೋಗುತ್ತಿತ್ತು, ಅಷ್ಟೆ.

ಒಂದೇ ಒಂದು ತೊಡಕು. ನಲವತ್ತೈದು ದಾಟಿದ ಮೇಲೆ ಹತ್ತಿರದ ಅಂಕಿ ಮಸುಕಾಗತೊಡಗಿತ್ತು. ಚಾಳೀಸು ಬಂದಿದೆ, ಕನ್ನಡಕ ಹಾಕಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅವರೇ ಕನ್ನಡಕ ಹಾಕಿಕೊಂಡು ಹೇಳಿದ್ದರಿಂದ ಇವನಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಸ್ಟಾಪ್‌ವಾಚ್ ಓದಲು ಬಲಗೈಯನ್ನು ಪೂರ್ತಿ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ ನೋಡುತ್ತಿದ್ದ. ಬಾಣ ಬಿಡಲು ಸಿದ್ಧನಾದ ವೀರನ ಭಂಗಿ ಅದು. ಬಿಲ್ಲೊಂದೇ ಇರಲಿಲ್ಲ.

ಅವನು ವಾಸವಾಗಿದ್ದದ್ದು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಅಕ್ಕನಿಗೆ ಅರವತ್ತೊಂದು. ಗಂಡ ತೀರಿಕೊಂಡ ಮೇಲೆ ಮನೆಯ ಎದುರಿಗೇ, ರಸ್ತೆಯ ಆ ಬದಿಯಲ್ಲಿ, ಗುಂಡಿ-ದಾರದ ಪುಟ್ಟ ಅಂಗಡಿ ಇಟ್ಟಿದ್ದಳು. ಝಿಪ್ ಬದಲಿಸುವುದು, ಪ್ಯಾಂಟಿನ ಅಂಚು ಮಡಿಸಿ ಹೊಲಿಯುವುದು, ಸೊಂಟ ಸಡಿಲಿಸುವುದು, ಇವೆಲ್ಲ ಅವಳ ಕೆಲಸ. ಯಾರ ಸೊಂಟ ಎಷ್ಟು ಬೆಳೆದಿದೆ ಎಂಬ ರಹಸ್ಯ ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ದಿನಕ್ಕೆ ನಾಲ್ಕು ಸಲ ರಸ್ತೆ ದಾಟುತ್ತಿದ್ದಳು. ಮಂಡಿ ನೋವಿನಿಂದಾಗಿ ಒಂದು ಸಲ ದಾಟುವುದಕ್ಕೆ ಏನಿಲ್ಲವೆಂದರೂ ಅರ್ಧ ನಿಮಿಷ ಹಿಡಿಯುತ್ತಿತ್ತು. ರಸ್ತೆಯೋ, ಅಂಗಡಿಯ ಸ್ವಲ್ಪ ಮೇಲೆ ತಿರುವು ತೆಗೆದುಕೊಂಡು ಇಳಿಜಾರಾಗಿ ಬರುತ್ತಿತ್ತು.

ಒಂದು ಬೆಳಗ್ಗೆ ಒಂದು ವ್ಯಾನು ಆ ತಿರುವಿನಲ್ಲಿ ಬಂದು ಅಕ್ಕನ ಕೈಚೀಲವನ್ನು ಹಾರಿಸಿಕೊಂಡು ಹೋಯಿತು. ಅಕ್ಕನಿಗೆ ಗಾಯವಾಗಲಿಲ್ಲ. ಆದರೆ ಚೀಲದಲ್ಲಿದ್ದ ಸಾವಿರಾರು ಗುಂಡಿಗಳು ಇಳಿಜಾರಿನುದ್ದಕ್ಕೂ ಉರುಳಿ ಹೋದವು. ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ ಹಟ ಹಿಡಿದಳು: ಅಲ್ಲಿ ಒಂದು ಹಂಪ್ ಹಾಕಿಸಿದರೆ ಸರಿ, ಇಲ್ಲವಾದರೆ ಅಂಗಡಿ ಮುಚ್ಚಿ ನನ್ನ ಮನೆಗೆ ಬಂದು ಸುಮ್ಮನೆ ಕೂತಿರು. ಸುಮ್ಮನೆ ಕೂರುವುದೆಂದರೆ ಅಕ್ಕನಿಗೆ ವ್ಯಾನಿಗಿಂತ ಹೆಚ್ಚು ಭಯ.

ಅಂದು ಮಧ್ಯಾಹ್ನ ಊಟಕ್ಕೆ ಕೂತ ತಮ್ಮನಿಗೆ ಅಕ್ಕ ನಡೆದದ್ದನ್ನು ಹೇಳಿದಳು. ವ್ಯಾನು ರಾಕೆಟ್ಟಿನ ಹಾಗೆ ಬಂತು ಎಂದಳು. ಇಪ್ಪತ್ತೆರಡು ವರ್ಷದ ಅಭ್ಯಾಸ. ಬಾಯಿಯಲ್ಲಿ ತುತ್ತಿದ್ದರೂ ಪ್ರಶ್ನೆ ಜಾರಿಬಿಟ್ಟಿತು.

"ವೇಗವಾಗಿ ಬಂತು ಅಂತ ಹೇಗೆ ಗೊತ್ತು?"

ಅಕ್ಕ ಕೈಗೆ ಸಿಕ್ಕಿದ, ದಾರ ಸುತ್ತಿದ ಬಾಬಿನ್ ಎಸೆದಳು. ಗುರಿ ತಪ್ಪಲಿಲ್ಲ. ಅಂದಿನಿಂದ ಮಾತು ಬಂದ್. ಊಟದ ಡಬ್ಬಿ ಮಾತ್ರ ತಪ್ಪದೆ ಮಹಡಿಯ ಮೆಟ್ಟಿಲ ಮೇಲೆ ಬಂದು ಕೂರುತ್ತಿತ್ತು, ಡಬ್ ಎಂದು ಸದ್ದು ಮಾಡಿಕೊಂಡು.

ಅಕ್ಕ ಬೀದಿಯ ನಲವತ್ತು ಜನರ ಸಹಿ ಹಾಕಿಸಿ ನಗರಸಭೆಗೆ ಅರ್ಜಿ ಕೊಟ್ಟಳು. ಅಲ್ಲಿಗೆ ಹಂಪ್ ಎಂಬುದು ಹಂಪ್ ಆಗಿ ಉಳಿಯಲಿಲ್ಲ, ಮಹಾಯುದ್ಧವಾಯಿತು.

ಒಂದು ಕಡೆ ಇಂಜಿನಿಯರ್ ಮೇಡಂ. ವಯಸ್ಸು ಇಪ್ಪತ್ತೊಂಬತ್ತು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಯಾವ ಮಾತು ಹೇಳುವ ಮೊದಲೂ "ಪುರಾವೆ ಏನು ಹೇಳುತ್ತದೆ ಎಂದರೆ" ಎಂದು ಶುರು ಮಾಡುತ್ತಿದ್ದರು. ಇನ್ನೊಂದು ಕಡೆ ಲಾರಿ ಸಾಹುಕಾರರು. ನಗರಸಭೆಯ ಸದಸ್ಯರು, ಒಂಬತ್ತು ಲಾರಿಗಳ ಒಡೆಯರು. ಹಂಪ್ ಬಂದರೆ ಅವರ ಒಂಬತ್ತೂ ಲಾರಿಗಳು ದಿನಕ್ಕೆ ಆರು ಸಲ ಕುಪ್ಪಳಿಸಬೇಕಿತ್ತು. ಇದನ್ನು ಅವರು ಹೇಳಲಿಲ್ಲ. ತಾವು ಹುಟ್ಟಾ ಸಂಶಯವಾದಿ ಎಂದು ಮಾತ್ರ ಹೇಳಿಕೊಂಡರು. ಅಂಕಿ-ಅಂಶ ಎಂದರೇನು, ಯಾರೋ ಕೂತು ಬರೆದದ್ದು ತಾನೇ ಎಂದು ಸಭೆಯನ್ನು ಕೇಳಿದರು. ತಮ್ಮ ತಾತ ನಲವತ್ತು ವರ್ಷ ಗಾಡಿ ಓಡಿಸಿದ್ದರು, ಒಂದು ಹಂಪನ್ನೂ ಕಂಡವರಲ್ಲ, ಒಂದು ಕೋಳಿಗೂ ಗುದ್ದಲಿಲ್ಲ ಎಂದರು. ತಾತನ ಗಾಡಿಗೆ ಇಂಜಿನ್ ಇತ್ತೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಅದು ಬೇರೆ ವಿಷಯ ಎಂದರು ಸಾಹುಕಾರರು.

ಇಬ್ಬರ ನಡುವೆ ಅಧ್ಯಕ್ಷೆ. ಶಾಲೆಯಲ್ಲಿ ಹೆಡ್‌ಮೇಡಂ ಆಗಿ ನಿವೃತ್ತರಾದವರು. ಮೇಜಿನ ಮೇಲೆ ಹಿತ್ತಾಳೆಯ ಗಂಟೆ ಇಟ್ಟುಕೊಂಡು, ಗಲಾಟೆ ಹೆಚ್ಚಾದಾಗ ಬಾರಿಸುತ್ತಿದ್ದರು. ಅವರು ಗಂಟೆ ಬಾರಿಸಿ, ಎರಡು ವಾರ ವಾಹನ ಎಣಿಸಿ ನೋಡೋಣ ಎಂದು ತೀರ್ಪು ಕೊಟ್ಟರು.

ಹೀಗೆ ನಮ್ಮ ವೀರ ತನ್ನ ಅಕ್ಕನ ಅಂಗಡಿಯ ಎದುರಿಗೇ ಸ್ಟೂಲು ಹಾಕಿ ಕೂತ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ, ಹದಿನಾಲ್ಕು ದಿನ. ಅಕ್ಕ ಒಳಗಿನಿಂದ ನೋಡುತ್ತಿದ್ದಳು, ಮಾತಾಡಲಿಲ್ಲ. ಇವನು ಹೊರಗಿನಿಂದ ಎಣಿಸುತ್ತಿದ್ದ, ತಿರುಗಿ ನೋಡಲಿಲ್ಲ. ಹದಿನಾಲ್ಕು ದಿನ ಆದ ಮೇಲೆ ಕೂಡಿ ಭಾಗಿಸಿದ. ದಿನಕ್ಕೆ ಸುಮಾರು ಎರಡು ಸಾವಿರ ಗಾಡಿ, ಅದರಲ್ಲಿ ವೇಗದವು ಹನ್ನೊಂದು.

ಹನ್ನೊಂದು!

ನಗರಸಭೆಯಲ್ಲಿ ಅದನ್ನು ಓದಿದಾಗ ಲಾರಿ ಸಾಹುಕಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂಕಿ-ಅಂಶದ ಮೇಲೆ ಅವರಿಗೆ ರಾತ್ರೋರಾತ್ರಿ ಅಪಾರ ಪ್ರೀತಿ ಹುಟ್ಟಿತ್ತು. ವಿಜ್ಞಾನವೇ ಹೇಳಿದ ಮೇಲೆ ಇನ್ನೇನಿದೆ, ಒಬ್ಬ ಹೆಂಗಸಿನ ಭಯವನ್ನು ನಂಬಿ ರಸ್ತೆ ಅಗೆಯಬೇಕೇ ಎಂದರು. ಯಾರನ್ನೂ ನಂಬದ ಹೇಗ್ಗೊತ್ತು ಅವರಂಥವರು ಊರಿಗೆ ನಾಲ್ಕು ಜನ ಬೇಕು ಎಂದು ಹೊಗಳಿದರು. ಇಂಜಿನಿಯರ್ ಮೇಡಂ ಮುಖ ಸಣ್ಣದು ಮಾಡಿಕೊಂಡು, ಪುರಾವೆ ಹೀಗೆ ಹೇಳಿದರೆ ಹೀಗೇ ಒಪ್ಪಬೇಕು ಎಂದರು. ಗುರುವಾರದ ಸಭೆಯಲ್ಲಿ ಅರ್ಜಿಯನ್ನು ತಳ್ಳಿಹಾಕುವುದೆಂದು ನಿಗದಿಯಾಯಿತು. ಅಕ್ಕ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ಪೆಟ್ಟಿಗೆಗೆ ತುಂಬತೊಡಗಿದಳು.

ಸೋಮವಾರ ಹಳದಿ ಮೇಲಂಗಿಯ ಝಿಪ್ ಕಿತ್ತುಹೋಯಿತು. ಊರಿನಲ್ಲಿ ಝಿಪ್ ಹಾಕುವವಳು ಒಬ್ಬಳೇ. ಇವನು ಅಂಗಡಿಯ ಬಾಗಿಲಲ್ಲಿ ನಿಂತು ಮೇಲಂಗಿಯನ್ನು ಚಾಚಿದ. ಅಕ್ಕ ಮಾತಿಲ್ಲದೆ ಕಿತ್ತುಕೊಂಡು ಯಂತ್ರದ ಕೆಳಗೆ ತೂರಿಸಿದಳು. ಇವನು ಮೂಲೆಯ ಸ್ಟೂಲಿನಲ್ಲಿ ಕೂತ. ಗಾಜಿನ ಮುಂದೆ ಗುಂಡಿ ಅಂಟಿಸಿದ ರಟ್ಟುಗಳು ಸಾಲಾಗಿ ತೂಗುತ್ತಿದ್ದವು. ಎರಡು ರಟ್ಟಿನ ಸಂದಿಯಲ್ಲಿ ರಸ್ತೆ ಕಾಣುತ್ತಿತ್ತು, ಇವನೇ ಎಳೆದಿದ್ದ ಸುಣ್ಣದ ಗೆರೆಗಳೂ ಕಾಣುತ್ತಿದ್ದವು. ಕೈ ಸುಮ್ಮನಿರಬೇಕಲ್ಲ. ಜೇಬಿನಿಂದ ಸ್ಟಾಪ್‌ವಾಚ್ ಹೊರಬಂತು.

ಅರ್ಧ ಗಂಟೆಯಲ್ಲಿ ಝಿಪ್ ಮುಗಿಯಿತು. ಅಷ್ಟರಲ್ಲಿ ವೇಗದ ಗಾಡಿಗಳು ಹತ್ತಾಗಿದ್ದವು.

ಅವನು ನೋಟ್‌ಬುಕ್ ನೋಡಿದ, ಸ್ಟಾಪ್‌ವಾಚ್ ಕುಲುಕಿ ಕಿವಿಗಿಟ್ಟುಕೊಂಡ. ದಿನಕ್ಕೆ ಹನ್ನೊಂದು ಹೋಗುವ ರಸ್ತೆಯಲ್ಲಿ ಅರ್ಧ ಗಂಟೆಗೆ ಹತ್ತು ಹೇಗೆ? ಮೇಲಂಗಿ ತೊಟ್ಟು ಹೊರಗೆ ಹೋಗಿ ಅರ್ಧ ಗಂಟೆ ಕೂತ. ಒಂದೂ ಇಲ್ಲ. ಒಳಗೆ ಬಂದು ಮೇಲಂಗಿ ಕಳಚಿ ಗುಂಡಿಗಳ ಹಿಂದೆ ಕೂತ. ಹನ್ನೆರಡು. ಮತ್ತೆ ಹೊರಗೆ. ಒಂದು. ಅಕ್ಕ ಕೆಲಸ ಬಿಟ್ಟು ಅವನನ್ನೇ ನೋಡತೊಡಗಿದಳು. ಐವತ್ತೆರಡು ವರ್ಷದ ಮನುಷ್ಯ ಬಾಗಿಲಿಗೂ ಸ್ಟೂಲಿಗೂ ನಡುವೆ ಬೆಕ್ಕಿನ ಹಾಗೆ ಓಡಾಡುತ್ತಿದ್ದರೆ ಎಷ್ಟು ಹೊತ್ತೆಂದು ಮೌನವಾಗಿರುವುದು?

"ಏನು ಹಿಡೀತೋ ನಿನಗೆ?"

ಮೂರು ವಾರದ ಮೌನ ಮುರಿದದ್ದನ್ನು ಅವನು ಗಮನಿಸಲೇ ಇಲ್ಲ. "ಅಕ್ಕ, ನಾನು ಹೊರಗೆ ಕೂತರೆ ಗಾಡಿಗಳು ನಿಧಾನ ಹೋಗ್ತವೆ. ಒಳಗೆ ಬಂದರೆ ಜೋರಾಗಿ ಹೋಗ್ತವೆ. ಯಾಕೆ ಅಂತ ಗೊತ್ತಾಗ್ತಿಲ್ಲ."

"ಯಾಕೆ ಅಂದರೆ ಏನೋ? ಹಳದಿ ಅಂಗಿ ಹಾಕ್ಕೊಂಡು, ಟೋಪಿ ಇಟ್ಕೊಂಡು, ಕೈ ಚಾಚಿ ಒಂದು ಕಣ್ಣು ಮುಚ್ಚಿದರೆ ಪೊಲೀಸರು ಸ್ಪೀಡು ಹಿಡಿಯೋ ಮೆಷಿನ್ ಹಿಡಿದ ಹಾಗೇ ಕಾಣುತ್ತೆ. ತಿರುವಿನಲ್ಲಿ ನಿನ್ನ ನೋಡಿದ ತಕ್ಷಣ ಎಲ್ಲರೂ ಬ್ರೇಕ್ ಹಾಕ್ತಾರೆ. ನಾನು ಮೊದಲನೇ ದಿನವೇ ನೋಡಿದೆ."

"ಮೊದಲನೇ ದಿನವೇ ನೋಡಿದ್ದರೆ ಯಾಕೆ ಹೇಳಲಿಲ್ಲ?"

"ಮಾತು ಬಿಟ್ಟಿದ್ದೆನಲ್ಲ," ಎಂದಳು ಅಕ್ಕ, ಇಷ್ಟೂ ತಿಳಿಯದೇ ಎಂಬಂತೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಒಪ್ಪಿ ಊಟಕ್ಕೆ ಏಳುತ್ತಿದ್ದರು. ಇವನು ಪ್ರಶ್ನೆ ಕೇಳಲು ಬಾಯಿ ತೆರೆದ. ಅಕ್ಕನ ಕೈ ಬಾಬಿನ್ ಕಡೆ ಸರಿಯಿತು. ಬಾಯಿ ಮುಚ್ಚಿಕೊಂಡು ಪ್ರಯೋಗಕ್ಕೆ ಇಳಿದ. ಬಟ್ಟೆ ತೊಡಿಸಿ ಅಳತೆ ನೋಡುವ ಅಕ್ಕನ ಬೊಂಬೆಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೇಲಂಗಿ ತೊಡಿಸಿದ. ಅದಕ್ಕೆ ತಲೆಯೂ ಇರಲಿಲ್ಲ, ಕೈಯೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಒಂಬತ್ತು ಗಾಡಿಗಳು ಬೊಂಬೆಗೆ ಕ್ಯಾರೇ ಎನ್ನದೆ ಹಾರಿಹೋದವು. ಆಮೇಲೆ ತಾನೇ ಮೇಲಂಗಿ ತೊಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಅಕ್ಕ ಒಳಗಿನಿಂದ ಗಡಿಯಾರ ಹಿಡಿದು ಎಣಿಸಿದಳು. ಏಳು. ಮೇಲಂಗಿ ಇಲ್ಲದೆ ಬರೀ ಕೈ ಚಾಚಿ ಕೂತ. ಎರಡು. ಎರಡೂ ಸೇರಿದರೆ ಸೊನ್ನೆ. ಹಾಗಾದರೆ ಮಹಿಮೆ ಇದ್ದದ್ದು ಮುಖ್ಯವಾಗಿ ಆ ಕೈಯಲ್ಲಿ. ಸಂಜೆಯ ಹೊತ್ತಿಗೆ ತೋಳು ನೋಯುತ್ತಿತ್ತು, ತಲೆ ಅದಕ್ಕಿಂತ ಹೆಚ್ಚು ನೋಯುತ್ತಿತ್ತು.

ನೋವಿಗೆ ಕಾರಣ ಅಕ್ಕನ ರಸ್ತೆಯೊಂದೇ ಅಲ್ಲ. ಏಳು ವರ್ಷದಿಂದ ಅವನು ಕೈ ಚಾಚಿಯೇ ಎಣಿಸಿದ್ದ. ಸಂತೆ ರಸ್ತೆಯಲ್ಲಿ ಕೈ ಚಾಚಿದ್ದ, ಆಸ್ಪತ್ರೆಯ ತಿರುವಿನಲ್ಲಿ ಕೈ ಚಾಚಿದ್ದ. ಆ ಅಂಕಿಗಳನ್ನು ನಂಬಿ ನಗರಸಭೆ ಎಲ್ಲೆಲ್ಲಿ ಹಂಪ್ ಬೇಡವೆಂದಿತ್ತೋ! ಯಾರನ್ನೂ ನಂಬದ ಮನುಷ್ಯ ಒಬ್ಬನನ್ನು ಮಾತ್ರ ಕಣ್ಣು ಮುಚ್ಚಿಕೊಂಡು ನಂಬಿದ್ದ. ಅದೂ ನಿಜವಾಗಿಯೇ ಒಂದು ಕಣ್ಣು ಮುಚ್ಚಿಕೊಂಡು.

ಮಂಗಳವಾರ ಬೆಳಗ್ಗೆ ಏಳಕ್ಕೇ ಇಂಜಿನಿಯರ್ ಮೇಡಂ ಮನೆಗೆ ಹೋಗಿ ಅವರಿಗೆ ಎಲ್ಲವನ್ನೂ ಒಪ್ಪಿಸಿದ. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತಿದ್ದ. ಅವರು ಕುರ್ಚಿಯಿಂದ ಎದ್ದು ನಿಂತು ಕೈ ಕುಲುಕಿದರು. ಅಳೆಯಲು ಹೋದವನೇ ಅಳತೆಯನ್ನು ಕೆಡಿಸುವುದು ಹೊಸದೇನಲ್ಲ, ಅದನ್ನು ತಾನೇ ಕಂಡುಹಿಡಿದು ಬಂದು ಹೇಳುವವರು ಮಾತ್ರ ಅಪರೂಪ ಎಂದರು. ಎರಡು ದಿನ ಬಚ್ಚಿಟ್ಟುಕೊಂಡು ಎಣಿಸಿ, ಗುರುವಾರ ಸಭೆಗೆ ಬನ್ನಿ ಎಂದರು. ತಪ್ಪು ಮಾಡಿದ್ದಕ್ಕೆ ಯಾಕೆ ಕೈ ಕುಲುಕಿದರು ಎಂಬುದು ಇವನಿಗೆ ದಾರಿಯುದ್ದಕ್ಕೂ ಬಿಡಿಸದ ಒಗಟಾಯಿತು.

ಗುಂಡಿಗಳ ಹಿಂದೆ ಎರಡು ದಿನ ಕೂತ. ಮಂಗಳವಾರ ಇನ್ನೂರ ಮೂರು. ಬುಧವಾರ ಇನ್ನೂರ ಹನ್ನೊಂದು. ಸರಾಸರಿ ಇನ್ನೂರ ಏಳು. ಅಕ್ಕ ಮಾತ್ರ ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ. ನಗರಸಭೆಯ ವಿಷಯದಲ್ಲಿ ಅವಳೂ ಸಂಶಯವಾದಿಯೇ.

ಗುರುವಾರ ಅವನು ಎದ್ದು ನಿಂತು, ಹನ್ನೊಂದು ತಪ್ಪು, ಇನ್ನೂರ ಏಳು ಸರಿ ಎಂದು ಹೇಳಿ, ಕೈ ಚಾಚಿ ತೋರಿಸಿ, ಕಾರಣ ವಿವರಿಸಿದ. ಕೂಡಲೇ ಲಾರಿ ಸಾಹುಕಾರರು ಹಳೆಯ ಸಂಶಯವನ್ನು ಒಗೆದ ಅಂಗಿಯಂತೆ ಮತ್ತೆ ತೊಟ್ಟುಕೊಂಡರು. ಹೋದ ವಾರ ಹನ್ನೊಂದು, ಈ ವಾರ ಇನ್ನೂರ ಏಳು, ಬರುವ ವಾರ ಐದು ಸಾವಿರವೋ ಏನೋ, ಇದೇ ಏನು ನಿಮ್ಮ ವಿಜ್ಞಾನ ಎಂದು ಕೇಳಿದರು. ಲೆಕ್ಕ ಹಾಕಿದವನಿಗೇ ತನ್ನ ಲೆಕ್ಕದಲ್ಲಿ ನಂಬಿಕೆಯಿಲ್ಲದಿದ್ದರೆ ನಾವು ಯಾಕೆ ನಂಬಬೇಕು ಎಂದರು. ತಪ್ಪು ತಿದ್ದಿಕೊಳ್ಳುವುದೇ ವಿಜ್ಞಾನ ಎಂದು ಇಂಜಿನಿಯರ್ ಮೇಡಂ ಹೇಳಿದ್ದು ಅರ್ಧ ಜನಕ್ಕೆ ಕೇಳಿಸಲಿಲ್ಲ, ಇನ್ನರ್ಧಕ್ಕೆ ಅರ್ಥವಾಗಲಿಲ್ಲ. ಅಧ್ಯಕ್ಷೆ ಗಂಟೆ ಬಾರಿಸಿದರು.

ಸಾಹುಕಾರರು ಕೊನೆಯ ಬಾಣ ಉಳಿಸಿಕೊಂಡಿದ್ದರು. "ಎರಡನೇ ಸಲ ಕೂತು ಎಣಿಸಿದ್ದು ಎಲ್ಲಿ ಅಂತ ಕೇಳಿ ಸ್ವಲ್ಪ."

"ನಮ್ಮ ಅಕ್ಕನ ಅಂಗಡಿಯಲ್ಲಿ," ಎಂದ ಇವನು.

"ಅರ್ಜಿ ಕೊಟ್ಟವರು?"

"ನಮ್ಮ ಅಕ್ಕನೇ."

"ಊಟ?"

"ಅದೂ ಅಕ್ಕನೇ ಹಾಕ್ತಾಳೆ." ಸಭೆ ಗೊಳ್ಳೆಂದು ನಕ್ಕಿತು. ಇವನಿಗೆ ನಗು ಬರಲಿಲ್ಲ. ಸಾಹುಕಾರರ ಪ್ರಶ್ನೆ ನ್ಯಾಯವಾದದ್ದೇ ಎಂದು ಅನ್ನಿಸಿತ್ತು. ಅದೇ ಕಷ್ಟವಾಗಿದ್ದು. ಇಷ್ಟು ವರ್ಷ ತಾನು ಕೇಳಿದ ಪ್ರಶ್ನೆಯನ್ನೇ ಈ ಮನುಷ್ಯನೂ ಕೇಳುತ್ತಿದ್ದಾನೆ; ತಾನು ಕೇಳಿದ್ದು ತಿಳಿದುಕೊಳ್ಳುವುದಕ್ಕೆ, ಇವನು ಕೇಳುತ್ತಿರುವುದು ತಿಳಿಯದೇ ಇರುವುದಕ್ಕೆ. ಆದರೆ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವಲ್ಲ? ಬೇರೆ ಮಾಡಿ ತೋರಿಸುವುದು ಹೇಗೆ? ಎರಡು ಗೆರೆ ಎಳೆದು ಸ್ಟಾಪ್‌ವಾಚ್ ಹಿಡಿಯುವ ಕೆಲಸವಲ್ಲ ಅದು. ತಲೆ ಬುಗುರಿಯಾಯಿತು. ಕೊನೆಗೆ, ನನ್ನನ್ನು ನಂಬುವುದೇ ಬೇಡ, ನೀವೇ ಬಂದು ಎಣಿಸಿ ಎಂದು ಹೇಳಿ ಕೂತುಬಿಟ್ಟ.

ಅಧ್ಯಕ್ಷೆಗೆ ಇದು ಹಿಡಿಸಿತು. ಮಧ್ಯಾಹ್ನ ಮೂರಕ್ಕೆ ಹದಿನಾಲ್ಕು ಜನ ಸದಸ್ಯರು, ಅವರ ಐದು ಕಾರು, ಮುಂದೆ ಬಾವುಟ ಹಚ್ಚಿದ ಅಧ್ಯಕ್ಷೆಯ ಕಾರು, ಬಂದೋಬಸ್ತಿಗೆ ಒಬ್ಬ ಪೊಲೀಸಪ್ಪ, ಎಲ್ಲರೂ ದಂಡೆತ್ತಿ ಬಂದಂತೆ ಬಂದು ಅಕ್ಕನ ಅಂಗಡಿಯ ಎದುರು ಸಾಲಾಗಿ ನಿಂತರು. ತಿರುವಿನಲ್ಲಿ ಬಂದ ಗಾಡಿಗಳು ಈ ದಂಡನ್ನು ಕಂಡು ತೆವಳತೊಡಗಿದವು. ಒಬ್ಬ ಸ್ಕೂಟರಿನವನು ಇಳಿದು ತಳ್ಳಿಕೊಂಡೇ ಹೋದ. ಅರ್ಧ ಗಂಟೆ ಕಳೆಯಿತು. ವೇಗದ ಗಾಡಿ ಒಂದೂ ಇಲ್ಲ.

"ಕಣ್ಣಾರೆ ಕಂಡಿರಲ್ಲ," ಎಂದರು ಸಾಹುಕಾರರು.

ಅಡಗಿಕೊಂಡು ನೋಡಬೇಕು ಎಂದು ಇಂಜಿನಿಯರ್ ಮೇಡಂ ಅಂಗಲಾಚಿದರು. ಕಾರುಗಳನ್ನು ಪಕ್ಕದ ಓಣಿಗೆ ಕಳಿಸಿದ್ದಾಯಿತು, ಪೊಲೀಸಪ್ಪನೂ ಅವುಗಳ ಹಿಂದೆಯೇ ಹೋದ. ಅಂಗಡಿಯಲ್ಲಿ ನಾಲ್ಕು ಜನಕ್ಕೆ ಜಾಗ. ಹತ್ತು ಜನ ನುಗ್ಗಿದರು. ಉಳಿದವರು ಬೀರುವಿನ ಪಕ್ಕದ ಸಂದಿಗೆ ಸರಿದರು. ಅಕ್ಕ ಬೊಂಬೆಯನ್ನು ತಬ್ಬಿಕೊಂಡು ನಿಂತಳು. ಅಧ್ಯಕ್ಷೆ ಗುಂಡಿಯ ರಟ್ಟುಗಳ ನಡುವೆ ಮೂಗು ತೂರಿಸಿದರು. ಸ್ಟಾಪ್‌ವಾಚ್ ಅವರ ಕೈಯಲ್ಲೇ ಇತ್ತು. ಹೆಡ್‌ಮೇಡಂ ಆಗಿದ್ದಾಗ ಓಟದ ಪಂದ್ಯ ನಡೆಸಿದ ಅನುಭವ.

ಎರಡು ನಿಮಿಷ ಆಗಿರಲಿಲ್ಲ, ತಿರುವಿನಿಂದ ಒಂದು ಲಾರಿ ಭೂಮಿ ನಡುಗಿಸಿಕೊಂಡು ಬಂತು. ಗಾಜು ಗಲಗಲ ಎಂದಿತು. ಒಂದೂವರೆ ಸೆಕೆಂಡು. ಹಿಂಬದಿಯ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಸಾಹುಕಾರರ ಸಾಗಣೆ ಕಂಪನಿಯ ಹೆಸರಿತ್ತು.

ಹದಿಮೂರು ತಲೆಗಳು ಸಾಹುಕಾರರ ಕಡೆ ತಿರುಗಿದವು. ಅವರು ಕೆಮ್ಮಿದರು. ಒಂದು ಲಾರಿ ನೋಡಿ ಏನೂ ತೀರ್ಮಾನಿಸಲಾಗದು, ಡ್ರೈವರ್‌ಗೆ ಏನೋ ಅವಸರ ಇದ್ದಿರಬಹುದು ಎಂದರು. ಬೀದಿಯ ನ್ಯಾಯದಲ್ಲಿ ಅಲ್ಲಿಗೆ ಯುದ್ಧ ಮುಗಿದಿತ್ತು. ಅಧ್ಯಕ್ಷೆ ಗಂಟೆಗಾಗಿ ತಡಕಾಡಿದರು, ಅಭ್ಯಾಸಬಲ. ನಮ್ಮ ವೀರ ಆ ಗಳಿಗೆಯಲ್ಲಿ ಸುಮ್ಮನಿದ್ದಿದ್ದರೆ ಹಂಪ್ ಸಿಕ್ಕೇಬಿಡುತ್ತಿತ್ತು.

"ಸಾಹುಕಾರರು ಹೇಳಿದ್ದು ಸರಿ," ಎಂದ ಅವನು. "ಒಂದು ಲಾರಿಯಿಂದ ಏನೂ ಸಾಬೀತಾಗಲ್ಲ. ಇನ್ನೂರ ಏಳು ಅನ್ನೋದನ್ನ ನೋಡಬೇಕು ಅಂದರೆ ಹತ್ತು ಗಂಟೆ ಕೂರಬೇಕು."

ಅಕ್ಕ ಅವನನ್ನು ನೋಡಿದ ನೋಟದಲ್ಲಿ ಎಷ್ಟು ಬಾಬಿನ್‌ಗಳಿದ್ದವೋ ಲೆಕ್ಕವಿಲ್ಲ. ಇಂಜಿನಿಯರ್ ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸಾಹುಕಾರರಂತೂ ತಮ್ಮ ಪಕ್ಷಕ್ಕೆ ಬಂದವನನ್ನು ಹೇಗೆ ಸ್ವಾಗತಿಸಬೇಕೆಂದು ತಿಳಿಯದೆ ಕಣ್ಣು ಪಿಳಿಪಿಳಿ ಬಿಟ್ಟರು. ಹತ್ತು ಗಂಟೆ ಕೂರಲು ಹದಿನಾಲ್ವರಲ್ಲಿ ಒಬ್ಬರೂ ಸಿದ್ಧರಿರಲಿಲ್ಲ. ಸೆಕೆ ಬೇರೆ.

ಅಲ್ಲೇ, ಗುಂಡಿಗಳ ನಡುವೆ, ನಿಂತ ನಿಲುವಿನಲ್ಲೇ ಸಭೆ ನಡೆಯಿತು. ಹನ್ನೊಂದನ್ನು ಒಬ್ಬರು ನಂಬುತ್ತಿರಲಿಲ್ಲ, ಇನ್ನೂರ ಏಳನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಲಾರಿಯನ್ನು ಎಲ್ಲರೂ ಕಂಡಿದ್ದರು, ಅದು ಸಾಬೀತಲ್ಲ ಎಂದು ಲೆಕ್ಕದವನೇ ಹೇಳಿಬಿಟ್ಟಿದ್ದ. ಆಗ ಅಧ್ಯಕ್ಷೆ, ತಲೆಗೂದಲಿಗೆ ಸಿಕ್ಕಿಕೊಂಡಿದ್ದ ಗುಂಡಿಯ ರಟ್ಟನ್ನು ಬಿಡಿಸಿಕೊಳ್ಳುತ್ತ, ಎರಡೂ ಪಕ್ಷ ಒಪ್ಪುವ ಸಂಗತಿ ಒಂದಾದರೂ ಇದೆಯೇ ಎಂದು ಕೇಳಿದರು. ಹುಡುಕಿದರೆ ಒಂದು ಸಿಕ್ಕಿತು: ಈ ಮನುಷ್ಯ ಕೈ ಚಾಚಿ ಕೂತರೆ ಗಾಡಿಗಳು ನಿಧಾನವಾಗುತ್ತವೆ. ಹನ್ನೊಂದು ಅದಕ್ಕೇ ಬಂದದ್ದು, ಇನ್ನೂರ ಏಳು ಅದಿಲ್ಲದ್ದಕ್ಕೇ ಬಂದದ್ದು. ಇದಕ್ಕೆ ಸಾಹುಕಾರರ ತಕರಾರೂ ಇರಲಿಲ್ಲ, ಹಂಪ್ ಅಲ್ಲವಲ್ಲ.

ತೀರ್ಮಾನ ಸರ್ವಾನುಮತದಿಂದ ಆಯಿತು. ಹಂಪ್ ಬಗ್ಗೆ ಆರು ತಿಂಗಳು ಆಳವಾದ ಅಧ್ಯಯನ. ಅಧ್ಯಯನ ಮುಗಿಯುವವರೆಗೆ ಸಾರ್ವಜನಿಕರ ಸುರಕ್ಷತೆಗಾಗಿ ಹೇಗ್ಗೊತ್ತು ಅವರು ಪ್ರತಿದಿನ ಎಂಟರಿಂದ ಆರರವರೆಗೆ ಸದರಿ ಸ್ಥಳದಲ್ಲಿ ಕೈ ಚಾಚಿ ಕೂರತಕ್ಕದ್ದು. ಅಧ್ಯಯನಕ್ಕೆ ಬೇಕಾದ ಎಣಿಕೆಯನ್ನೂ ಅವರೇ, ಅದೇ ಹೊತ್ತಿನಲ್ಲಿ, ಮಾಡತಕ್ಕದ್ದು.

ಮನುಷ್ಯರು ಮಂತ್ರಿಗಳಾಗಿದ್ದಾರೆ, ಸಂತರಾಗಿದ್ದಾರೆ. ಹಂಪ್ ಆದವನು ಲೋಕದಲ್ಲಿ ಇವನೊಬ್ಬನೇ ಇರಬೇಕು.

ಅಕ್ಕ ಎರಡು ದಿನ ಮುಖ ತಿರುಗಿಸಿಕೊಂಡಿದ್ದಳು. ಮೂರನೆಯ ದಿನ ಮಗಳಿಗೆ ಫೋನ್ ಮಾಡಿ, ಇಲ್ಲಿ ಹಂಪ್ ಬಂದಿದೆ, ಸ್ವಲ್ಪ ಬೇರೆ ನಮೂನೆಯದು ಎಂದಳು. ಪೆಟ್ಟಿಗೆಯ ಗುಂಡಿಗಳು ಮತ್ತೆ ಡಬ್ಬಿಗಳಿಗೆ ಬಂದವು. ತೋಳು ನೋಯದಿರಲೆಂದು ಒಂದು ಕೋಲಿಗೆ ಹಳೆಯ ಕಂಬಳಿ ತುಂಡು ಸುತ್ತಿ ಹೊಲಿದು, ಮೊಣಕೈಗೆ ಊರುಗೋಲು ಮಾಡಿಕೊಟ್ಟಳು.

ಒಂದು ವಾರದ ಮೇಲೆ ಇಂಜಿನಿಯರ್ ಮೇಡಂ ಏದುಸಿರು ಬಿಡುತ್ತ ಬಂದು ಅವನ ಸ್ಟೂಲಿನ ಎದುರು ನಿಂತರು. ಕಣ್ಣ ಕೆಳಗೆ ಕಪ್ಪು. ನಿದ್ದೆ ಮಾಡಿದಂತಿರಲಿಲ್ಲ. ನೀವು ಇಲ್ಲಿ ಕೂತಿರುವವರೆಗೆ ಲೆಕ್ಕ ಸೊನ್ನೆಯೇ ಬರುತ್ತದೆ, ಸೊನ್ನೆ ಬಂದರೆ ಹಂಪ್ ಬೇಡವೆನ್ನುತ್ತಾರೆ, ಬೇಡವೆಂದ ಮೇಲೆ ನಿಮ್ಮನ್ನು ಎಬ್ಬಿಸುತ್ತಾರೆ, ಎಬ್ಬಿಸಿದರೆ ಮತ್ತೆ ಇನ್ನೂರ ಏಳು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಇದೇನು ವಿಜ್ಞಾನ ಗೆದ್ದಂತೆಯೋ, ಸೋತಂತೆಯೋ, ಸಂಶಯ ಒಳ್ಳೆಯದೋ, ಕೆಟ್ಟದ್ದೋ, ಒಂದೂ ತಿಳಿಯುತ್ತಿಲ್ಲ ಎಂದರು.

"ನೀವು ಹೇಳಿ. ಇಷ್ಟೆಲ್ಲ ಆದ ಮೇಲೆ ನಮಗೆ ಖಚಿತವಾಗಿ ಗೊತ್ತಾಗಿದ್ದು ಏನು? ವರದಿಯಲ್ಲಿ ನಾನು ಏನಂತ ಬರೀಲಿ?"

ಅವನು ಚಾಚಿದ ಕೈಯನ್ನು ಇಳಿಸದೆ, ಮುಚ್ಚಿದ ಕಣ್ಣನ್ನು ತೆರೆಯದೆ ಹೇಳಿದ: "ನನಗೂ ಗೊತ್ತಿಲ್ಲ ಮೇಡಂ. ನೀವು ಸ್ವಲ್ಪ ಆ ಕಡೆ ಸರ್ಕೊಳ್ಳಿ, ಅಕ್ಕ ದಾಟ್ತಾ ಇದ್ದಾಳೆ."